ಪದ ಕೊಡುವವನು

ತಂಗಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಗಂಡ ಹೋದ ದಿನದಿಂದ, ಅಣ್ಣ ಯಾವಾಗ ಮನೆಗೆ ಬಂದರೂ ಅದನ್ನೇ ಕೇಳುತ್ತಿದ್ದಳು.

"ಅಣ್ಣಾ, ಕೊನೇಲಿ ಅವರು ಏನು ಹೇಳ್ತಾ ಇದ್ರು?"

"ಊಟಕ್ಕೆ ಕೂತಿದ್ವಿ ಕಣೆ. ಏನೋ ತಮಾಷೆ ಮಾಡ್ತಾ ಇದ್ರು. ಹಾಗೇ ಕುರ್ಚಿಗೆ ಒರಗಿದ್ರು, ಅಷ್ಟೇ" ಎಂದು ಅಣ್ಣ ಪ್ರತಿ ಸಲವೂ ಹೇಳಿದ್ದನ್ನೇ ಹೇಳುತ್ತಿದ್ದ. ಅದು ಶುದ್ಧ ಸುಳ್ಳು. ಸುಳ್ಳೆಂದು ಅವಳಿಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಅಣ್ಣ. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಗಾಗುತ್ತದೆ ಅಂತ ಅವಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಈ ಅಣ್ಣ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಊರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಔಷಧಿ ಬಾಟಲಿಯ ಚೀಟಿಯಿಂದ ಹಿಡಿದು ಶಾಲೆಯ ಪಠ್ಯದವರೆಗೆ ಆ ಪ್ರೆಸ್ಸಿನಿಂದ ಹೊರಬಿದ್ದದ್ದೆಲ್ಲ ಅವನ ಕೆಂಪು ಶಾಯಿಯ ಕೆಳಗೆ ನುಸುಳಿಯೇ ಬರಬೇಕು. ಎಲ್ಲರೂ ಅವನನ್ನು ಕಾಗುಣಿತ ಎಂದೇ ಕರೆಯುತ್ತಿದ್ದರು, ಅವನೂ ಆ ಹೆಸರಿಗೇ ತಿರುಗಿ ನೋಡುತ್ತಿದ್ದ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನವೇ ಅವನದಲ್ಲ. ಕ್ಷೌರದಂಗಡಿಯ ಬೋರ್ಡು ತಪ್ಪಿದೆ ಎಂದು ಮುಖದ ತುಂಬ ಸೋಪಿನ ನೊರೆ ಇರುವಾಗಲೇ ಎದ್ದು ಹೊರಗೆ ಹೋಗಿ ತೋರಿಸಿ ಬಂದವನು. ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಿ ಬರೆದ ಮೊದಲ ಪತ್ರವನ್ನು ತಿದ್ದಿ ಅವಳಿಗೇ ವಾಪಸು ಕಳಿಸಿದ. ಆ ಮದುವೆ ಅಲ್ಲಿಗೆ ಗೋವಿಂದ! ಆಮೇಲೆ ಇನ್ನೊಂದು ಹೆಣ್ಣು ನೋಡುವ ಗೋಜಿಗೇ ಅವನು ಹೋಗಲಿಲ್ಲ. ಪ್ರೆಸ್ಸಿನ ಮೇಲಿನ ಒಂದು ಕೋಣೆ, ಒಂದು ಸ್ಟವ್, ಭಾನುವಾರ ತಂಗಿಯ ಮನೆಯ ಊಟ, ಇಷ್ಟರಲ್ಲೇ ಅವನ ತಲೆಗೂದಲು ಬೆಳ್ಳಗಾಗಿತ್ತು.

ಇಂಥವನನ್ನು ಫ್ರೀಮೇಸನ್ ಎಂಬ ಸೋದರ ಸಂಘದ ಲಾಡ್ಜಿಗೆ ಸೇರಿಸಿದವನು ತಂಗಿಯ ಗಂಡ. ಅವನು ಸಿಟಿ ಬಸ್ಸಿನ ಡ್ರೈವರ್. ಆಳೂ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಹಾರ್ನ್ ಕೆಟ್ಟರೂ ಅವನ ಬಸ್ಸು ನಿಲ್ಲುತ್ತಿರಲಿಲ್ಲ, ಕಿಟಕಿಯಿಂದ ತಲೆ ಹಾಕಿ ಒಂದು ಸಲ ಕೂಗಿದರೆ ರಸ್ತೆ ತಾನಾಗಿ ದಾರಿ ಬಿಡುತ್ತಿತ್ತು. "ಬಾ ಭಾವ, ಪ್ರೆಸ್ಸು ಬಿಟ್ಟರೆ ಕೋಣೆ, ಕೋಣೆ ಬಿಟ್ಟರೆ ಪ್ರೆಸ್ಸು. ನಾಲ್ಕು ಜನರ ಮುಖ ನೋಡು" ಎಂದು ಕೈ ಹಿಡಿದು ಎಳೆದುಕೊಂಡು ಹೋಗಿದ್ದ.

ಫ್ರೀಮೇಸನ್ನರ ಲಾಡ್ಜ್ ಅಂದರೆ ಏನೇನೋ ಕಲ್ಪಿಸಿಕೊಳ್ಳುವವರಿದ್ದಾರೆ. ಹಿಂದಿನ ಬೀದಿಯ ಹಳೇ ಕಟ್ಟಡ ಅದು. ಬೋರ್ಡು ನೋಡಿ ಪೆಟ್ಟಿಗೆ ಹೊತ್ತು ಬಂದು ರೂಮು ಸಿಗುತ್ತಾ ಎಂದು ಕೇಳಿದ ಪ್ರಯಾಣಿಕರಿಗೆ ಲೆಕ್ಕವಿಲ್ಲ. ತಿಂಗಳಿಗೊಂದು ಸಂಜೆ ಸಭೆ. ಕಪ್ಪು ಕೋಟು, ಸೊಂಟಕ್ಕೆ ಬಿಳಿ ಏಪ್ರನ್, ಬಾಗಿಲ ಹೊರಗೆ ಕತ್ತಿ ಹಿಡಿದು ಕಾಯುವ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಒಳಗೆ ಕಪ್ಪು ಬಿಳಿ ಚೌಕದ ನೆಲ, ಸುತ್ತ ಕುರ್ಚಿ. ದಂತವೈದ್ಯ, ಬ್ಯಾಂಕಿನವನು, ಕೊಳಾಯಿ ರಿಪೇರಿಯವನು, ಎಲ್ಲರೂ ಅಲ್ಲಿ ಬ್ರದರ್. ಸಭೆ ಮುಗಿದ ಮೇಲೆ ಮಹಡಿಯಲ್ಲಿ ಊಟ, ನಗು, ಬರಲಾಗದವರ ಹೆಸರಿನಲ್ಲಿ ಒಂದು ಗ್ಲಾಸು. ಉಳಿದ ದಿನಗಳಲ್ಲಿ ಕಮಿಟಿ, ಆಸ್ಪತ್ರೆಯಲ್ಲಿ ಮಲಗಿದ ಬ್ರದರನ್ನು ಸರದಿಯ ಮೇಲೆ ನೋಡಿ ಬರುವುದು, ರಕ್ತದಾನ, ಶಾಲೆಯ ಮಕ್ಕಳಿಗೆ ಕನ್ನಡಕ. ಗುಟ್ಟು ಅಂತ ಇದ್ದದ್ದು ಒಳಗೆ ಆಡುವ ಮಾತುಗಳು. ಅವನ್ನು ಹೊರಗೆ ಆಡುವುದಿಲ್ಲ ಎಂದು ಪ್ರತಿಯೊಬ್ಬನೂ ಆಣೆ ಮಾಡಿರುತ್ತಾನೆ.

ಆ ಮಾತುಗಳನ್ನು ಓದಿ ಹೇಳುವಂತಿಲ್ಲ, ಬಾಯಿಪಾಠವಾಗಿಯೇ ಬರಬೇಕು. ದೊಡ್ಡವರು ದೊಡ್ಡವರೇ ಅಲ್ಲಿ ತಡವರಿಸಿ ಬೆವರುತ್ತಿದ್ದರು. ಅದಕ್ಕೆಂದೇ ಒಬ್ಬನನ್ನು ನೇಮಿಸುತ್ತಿದ್ದರು, ಪದ ಕೊಡುವವನು ಅಂತ. ಪುಸ್ತಕ ಅವನೊಬ್ಬನ ತೊಡೆಯ ಮೇಲೆ. ಯಾರಾದರೂ ಮರೆತು ನಿಂತರೆ ಮುಂದಿನ ಪದವನ್ನು ಮೆಲ್ಲಗೆ ಎತ್ತಿಕೊಡಬೇಕಾದವನು ಅವನು. ಬೇರೆ ಯಾರೂ ತುಟಿ ಅಲುಗಿಸಬಾರದು. ಮರೆತವನ ಮುಖ ನೋಡುವುದು ಕೂಡ ಅವಮಾನ ಎಂದು ಉಳಿದವರೆಲ್ಲ ನೆಲ ನೋಡಿಕೊಂಡು ಕೂರುತ್ತಿದ್ದರು. ಎಷ್ಟು ಹೊತ್ತಾದರೂ ಕೆಮ್ಮುವವರಿಲ್ಲ, ಅಲುಗಾಡುವವರಿಲ್ಲ. ಈ ಕೆಲಸಕ್ಕೆ ಕಾಗುಣಿತನಿಗಿಂತ ತಕ್ಕವನು ಇನ್ನೆಲ್ಲಿ ಸಿಗಬೇಕು? ಬಂದ ವರ್ಷವೇ ಪುಸ್ತಕ ಅವನ ತೊಡೆ ಏರಿತು.

ಡ್ರೈವರ್ ಭಾವ ಅಧ್ಯಕ್ಷನಾದದ್ದು ಹೋದ ವರ್ಷದ ಕೊನೆಗೆ. ಸರದಿಯ ಪ್ರಕಾರ ಒಂದೊಂದೇ ಕುರ್ಚಿ ಹತ್ತಿ ಬಂದು, ಕೊನೆಗೆ ಎತ್ತರದ ಆ ಕುರ್ಚಿಯಲ್ಲಿ ಕುಳಿತಾಗ ಅವನ ಕಣ್ಣು ತುಂಬಿತ್ತು. ಓದು ಅರ್ಧಕ್ಕೆ ಬಿಟ್ಟವನು. ದಿನವಿಡೀ ಯಾರ್‍ಯಾರಿಂದಲೋ ಬೈಸಿಕೊಂಡು ಬಸ್ಸು ಓಡಿಸುವವನು. ಅಲ್ಲಿ ಅವನು ಸುತ್ತಿಗೆ ಬಡಿದರೆ ಡಾಕ್ಟರೂ ವಕೀಲರೂ ಎದ್ದು ನಿಲ್ಲಬೇಕು! ಆದರೆ ಅಧ್ಯಕ್ಷನಿಗೆ ಮಾತು ಜಾಸ್ತಿ. ಹೊಸದಾಗಿ ಸೇರಿದವನಿಗೆ ಹೇಳುವ ಹಿತವಚನವಂತೂ ಉದ್ದಕ್ಕೆ ಉದ್ದ. ಕೆಲಸ ಮುಗಿಸಿ ಪ್ರೆಸ್ಸಿನ ಹಿಂದಿನ ಕೋಣೆಗೆ ಬರುತ್ತಿದ್ದ, ಕಾಗದದ ರೀಮುಗಳ ಮೇಲೆ ಕೂತು ಕಾಗುಣಿತನ ಮುಂದೆ ಒಪ್ಪಿಸುತ್ತಿದ್ದ. ತಪ್ಪಿದರೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದ. "ಬಸ್ಸೇ ವಾಸಿ ಭಾವ. ಅದಕ್ಕೆ ರಿವರ್ಸ್ ಆದರೂ ಇದೆ" ಎನ್ನುತ್ತಿದ್ದ.

ಮೊದಲ ಸಭೆಯಲ್ಲೇ ಎಡವಟ್ಟಾಯಿತು. ಡ್ರೈವರ್ ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಕಾಗುಣಿತ ಟಪ್ಪೆಂದು ಮುಂದಿನ ಪದ ಎತ್ತಿಕೊಡುತ್ತಿದ್ದ. ಪ್ರೀತಿಗೇ ಕೊಟ್ಟದ್ದು, ಭಾವ ಎಲ್ಲಿ ನಗೆಪಾಟಲಾಗುತ್ತಾನೋ ಎಂಬ ಗಾಬರಿಯಿಂದ ಕೊಟ್ಟದ್ದು. ಊಟದ ಹೊತ್ತಿಗೆ ಬ್ಯಾಂಕಿನವನು, "ಡ್ರೈವರ್ ಒಬ್ಬರು, ಸ್ಟೀರಿಂಗ್ ಇನ್ನೊಬ್ಬರ ಕೈಲಿ" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರೂ ನಕ್ಕ. ಬೀದಿಗೆ ಬಂದ ಮೇಲೆ ಮಾತ್ರ ಕೆಂಡಾಮಂಡಲವಾದ.

"ನಾನು ಉಸಿರು ಬಿಡಬಾರದೇನಯ್ಯಾ? ಅಷ್ಟು ಜನರ ಮುಂದೆ ನನ್ನನ್ನ ಶಾಲೆ ಮಗು ಮಾಡಿಬಿಟ್ಟೆಯಲ್ಲ!"

"ಮರೆತೆ ಅಂದ್ಕೊಂಡೆ ಭಾವ."

"ಮರೆತರೆ ನಾನೇ ನಿನ್ನ ಕಡೆ ನೋಡ್ತೀನಿ. ನೋಡಿದರೆ ಪದ ಕೊಡು. ನೋಡಲಿಲ್ಲ ಅಂದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರು. ಆಯ್ತಾ?"

"ಆಯ್ತು ಭಾವ."

ಕಾಗುಣಿತನ ಮುಖ ಸಣ್ಣಗಾಯಿತು. ಡ್ರೈವರಿಗೆ ಕೋಪ ಬಂದಷ್ಟೇ ಬೇಗ ಇಳಿಯಿತು, ಹೆಗಲ ಮೇಲೆ ಕೈ ಹಾಕಿಕೊಂಡೇ ಮನೆಯವರೆಗೂ ನಡೆದ. ಆದರೆ ತಪ್ಪು ಮಾಡಿದ್ದೀಯ ಎಂದು ಯಾರಿಂದಲೂ ಹೇಳಿಸಿಕೊಂಡು ಅಭ್ಯಾಸವಿಲ್ಲದ ಕಾಗುಣಿತನಿಗೆ ಆ ಮಾತು ತಿಂಗಳೆಲ್ಲ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಮುಂದಿನ ಸಭೆಯ ದಿನ ಡ್ರೈವರ್ ಬಹಳ ಚೆನ್ನಾಗಿ ಹೇಳಿದ. ಹೊಸಬನ ಎದುರು ನಿಂತು, ಆ ದೊಡ್ಡ ಗಂಟಲನ್ನು ತಗ್ಗಿಸಿ, ಮಗನಿಗೆ ಹೇಳುವ ಹಾಗೆ ಹೇಳಿದ. ಹಿತವಚನ ಮುಕ್ಕಾಲು ಮುಗಿದಿತ್ತು. ಅಲ್ಲಿ ನಿಂತ.

ಕಾಗುಣಿತನ ಬೆರಳು ಸಾಲಿನ ಮೇಲೆಯೇ ಇತ್ತು. ಮುಂದಿನ ಪದ ನಾಲಿಗೆಯ ತುದಿಗೆ ಬಂದಿತ್ತು. ಉಸಿರು ತಗೋತಾ ಇದಾನೆ, ಈ ಸಲ ನಾನು ಬಾಯಿ ಬಿಡಲ್ಲ ಎಂದುಕೊಂಡ. ಮುಖ ನೋಡಿದರೆ ಎಲ್ಲಿ ತಡೆಯಲಾರದೆ ಹೇಳಿಬಿಡುತ್ತೇನೋ ಎಂದು ಕಣ್ಣನ್ನು ಪುಸ್ತಕಕ್ಕೇ ನೆಟ್ಟ. ಸುತ್ತ ಎಲ್ಲರೂ ನೆಲದ ಚೌಕಗಳನ್ನು ನೋಡುತ್ತ ಕುಳಿತಿದ್ದರು. ಬ್ರದರ್ ಪದ ಹುಡುಕುತ್ತಿದ್ದಾನೆ, ಹುಡುಕಿಕೊಳ್ಳಲಿ ಅಂತ. ಎಂಥ ಮರ್ಯಾದೆ, ಎಂಥ ಸಂಯಮ! ಬಸ್ಸಿನಲ್ಲಿ ಆಗಿದ್ದರೆ ಯಾರಾದರೂ ಪರಿಚಯವಿಲ್ಲದವರು, ಟಿಕೆಟ್ಟಿಲ್ಲದೆ ಹತ್ತಿದವರಾದರೂ, "ಏನಾಯ್ತು ಡ್ರೈವರ್?" ಎಂದು ಕೂಗುತ್ತಿದ್ದರು. ಇಲ್ಲಿ ಕೋಣೆ ತುಂಬ ಸಹೋದರರು, ಒಬ್ಬನೂ ತಲೆ ಎತ್ತಲಿಲ್ಲ. ಸುತ್ತಿಗೆ ಕೈಯಿಂದ ಜಾರಿ ನೆಲಕ್ಕೆ ಬಿದ್ದ ಸದ್ದಿಗೆ ಎಲ್ಲರೂ ನೋಡಿದರು. ಡ್ರೈವರ್ ನಿಂತೇ ಇದ್ದ, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಆಮೇಲೆ ಕುಸಿದ.

ಆಸ್ಪತ್ರೆ ತಲುಪುವ ಮುಂಚೆಯೇ ಹೋಗಿಬಿಟ್ಟ. ತಲೆಯಲ್ಲಿ ನರ ಒಡೆದಿದೆ, ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಆ ಮಾತು ಕಾಗುಣಿತನ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ತಂಗಿಗೆ ಊಟದ ಸುಳ್ಳು ಹೇಳಿದ್ದು ಆವಾಗಲೇ, ಆಸ್ಪತ್ರೆಯ ಮೆಟ್ಟಿಲ ಮೇಲೆ. ಯಾಕೆ ಹೇಳಿದೆ ಎಂದು ಅವನನ್ನೇ ಕೇಳಿದರೆ ಆಣೆ ಅನ್ನುತ್ತಿದ್ದ. ಒಳಗಿನ ಮಾತು ಹೊರಗೆ ಹೇಳುವ ಹಾಗಿಲ್ಲವಲ್ಲ! ಆಣೆಯಂತೆ ಆಣೆ! ಸಾವಿಗೂ ಆಣೆಗೂ ಏನಯ್ಯಾ ಸಂಬಂಧ? ಬಚ್ಚಿಟ್ಟುಕೊಳ್ಳಲು ಅವನಿಗೊಂದು ಮೂಲೆ ಬೇಕಿತ್ತು, ಅದು ಸಿಕ್ಕಿತು, ಅಷ್ಟೇ.

ಬ್ರದರ್‌ಗಳು ಕೈಬಿಡಲಿಲ್ಲ, ಅದನ್ನೂ ಹೇಳಲೇಬೇಕು. ಕೊಳಾಯಿಯವನು ಬಂದು ಬಚ್ಚಲು ಸರಿ ಮಾಡಿದ, ವಕೀಲರು ಪಿಂಚಣಿಗೆ ಓಡಾಡಿದರು, ಪೋಸ್ಟ್‌ಮ್ಯಾನಿನ ಹೆಂಡತಿ ಎಷ್ಟೋ ದಿನ ಜೊತೆಗೆ ಮಲಗಿದಳು. ತಂಗಿ ಅವರನ್ನೂ ಒಬ್ಬೊಬ್ಬರನ್ನಾಗಿ ಕೇಳಿದ್ದಳು. ಎಲ್ಲರೂ ಕಾಗುಣಿತನ ಕಡೆ ಕೈ ತೋರಿಸಿದರು. "ನಿಮ್ಮವರೆಲ್ಲ ತುಂಬ ಒಳ್ಳೆಯವರು ಅಣ್ಣ. ಏನು ಕೇಳಿದ್ರೂ ಕೊಡ್ತಾರೆ, ಇದೊಂದು ಬಿಟ್ಟು" ಎಂದಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಅವನು ಹೋದಾಗ ಗಂಡನ ಖಾಕಿ ಅಂಗಿಗಳನ್ನೆಲ್ಲ ಮಂಚದ ಮೇಲೆ ಸುರುವಿಕೊಂಡು ಮಡಚುತ್ತಿದ್ದಳು. ಡಿಪೋದಲ್ಲಿ ಯಾರಿಗಾದರೂ ಆಗುತ್ತದೆ ಅಂತ. ಅವನು ಸ್ಟೂಲಿನ ಮೇಲೆ ಕೂತ. ಆ ದಿನ ಅವಳು ಪ್ರಶ್ನೆ ಕೇಳಲಿಲ್ಲ.

"ನೀನು ಆಣೆ ಮುರೀಬೇಡ ಅಣ್ಣ. ನಾನೇ ಹೇಳ್ತಾ ಹೋಗ್ತೀನಿ. ಅವರು ಎಲ್ಲಿ ನಿಂತ್ರೋ ಅಲ್ಲಿ ಕೈ ಎತ್ತು, ಸಾಕು."

ಹೇಳತೊಡಗಿದಳು. ಹೊಸಬನಿಗೆ ಹೇಳುವ ಹಿತವಚನ, ಮೊದಲ ಅಕ್ಷರದಿಂದ, ಒಂದು ಕೊಂಬು ಇಳಿ ತಪ್ಪಿಲ್ಲದೆ.

"ನಿನಗೆ... ನಿನಗೆ ಹೇಗೆ..."

"ಅಡಿಗೆಮನೆ ಬಾಗಿಲಿಗೆ ಚಿಲಕ ಹಾಕ್ಕೊಂಡು, 'ನೀನು ಕೇಳಿಸ್ಕೋಬಾರದು, ಕಿವಿ ಮುಚ್ಕೊ' ಅಂತ ಶುರು ಮಾಡೋರು. ಎರಡು ಸಾಲು ಆಗೋದ್ರೊಳಗೆ ನನ್ನ ಮುಖ ನೋಡೋರು, 'ಆಮೇಲೇನೇ?' ಅಂತ. ನಾನೇ ಹೇಳಿಕೊಡ್ತಿದ್ದೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಎಷ್ಟು ಒರಟು ಗಂಟಲು ಅಣ್ಣ, ಅದರಲ್ಲಿ ಎಷ್ಟು ಮೆತ್ತಗೆ ಹೇಳೋರು."

ಮತ್ತೆ ಹೇಳತೊಡಗಿದಳು. ಕೈಗಳು ಅಂಗಿ ಮಡಚುತ್ತಲೇ ಇದ್ದವು.

"ಈ ಕೋಣೆಯಲ್ಲಿ ನಿನಗೆ ಎಷ್ಟೇ ಸಹೋದರರಿರಲಿ, ಮನೆಯಲ್ಲಿ ನಿನಗಾಗಿ ಕಾದು ಕುಳಿತವರನ್ನು..."

ಕಾಗುಣಿತನ ಕೈ ಮೇಲಕ್ಕೆದ್ದಿತು.

ತಂಗಿ ನಿಂತಳು. ಅವನನ್ನೇ ನೋಡಿದಳು.

"ಮರೆಯಬೇಡ" ಎಂದು ಸಾಲು ಮುಗಿಸಿದಳು. "ಮುಂದಿನ ಪದ ಅದೇ ತಾನೇ? ಅಲ್ಲಿ ಅವರು ಯಾವತ್ತೂ ನಿಲ್ಲಿಸಿದ್ದಿಲ್ಲ ಅಣ್ಣ. ಆ ಸಾಲು ಮಾತ್ರ ಗಟ್ಟಿಯಾಗಿ, ಒಂದೇ ಉಸಿರಿನಲ್ಲಿ ಹೇಳೋರು. ನೀನು ಯಾಕೆ ಪದ ಕೊಡಲಿಲ್ಲ?"

ಇನ್ನು ಮುಚ್ಚಿಡಲು ಅವನಿಗೆ ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದ. ಹಿಂದಿನ ತಿಂಗಳ ನಗು, ಬೀದಿಯ ಜಗಳ, ನೋಡಿದರೆ ಮಾತ್ರ ಪದ ಕೊಡು ಎಂದದ್ದು, ಸುಮ್ಮನೆ ಕುಳಿತದ್ದು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ. ಆ ವಯಸ್ಸಿನಲ್ಲಿ, ತಂಗಿಯ ಮುಂದೆ, ಮೂಗು ಒರೆಸಿಕೊಳ್ಳಲೂ ತೋಚದೆ ಅತ್ತ.

ಅವಳು ಅವನ ಅಳು ಕಡಿಮೆಯಾಗುವ ತನಕ ಕಾದಳು.

"ನೋಡಿದ್ರಾ?"

"ಏನು?"

"ನಿನ್ನ ಕಡೆ. ನೋಡಿದ್ರಾ ಅವರು?"

ಕಾಗುಣಿತನಿಗೆ ಈ ಸಲ ಸುಳ್ಳು ಕೂಡ ಬರಲಿಲ್ಲ.

"ಗೊತ್ತಿಲ್ಲ ಕಣೆ. ನಾನು ಪುಸ್ತಕ ನೋಡ್ತಾ ಇದ್ದೆ."

ತಂಗಿ ಕೊನೆಯ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಅದರ ಕಾಲರನ್ನು ಅಂಗೈಯಿಂದ ಸವರಿ ಸರಿಮಾಡಿದಳು.

"ನೋಡಿರ್ತಾರೆ" ಎಂದಳು. "ಅಲ್ಲಿ ನಿನ್ನನ್ನ ಬಿಟ್ಟು ಇನ್ಯಾರನ್ನ ನೋಡ್ತಾರೆ?"