ತಿಥಿ ಮುಗಿದಿದ್ದ ಮಗಳು

ಆಂಧ್ರದ ಗಡಿಯೂರು ಕುಂದುರ್ಪಿಯಲ್ಲಿ ಶಿವಲಕ್ಷ್ಮಮ್ಮನ ಬಾಯಿಗೆ ಹೆದರದವರಿಲ್ಲ. ಕಡಲೆಕಾಯಿ ತೂಗುವವನು ತಕ್ಕಡಿಗೆ ಬೆರಳು ತಾಗಿಸಿದರೆ ಸಾಕು, ಅವನ ವಂಶವನ್ನೆಲ್ಲ ಸಂತೆಯಲ್ಲೇ ಜಾಲಾಡಿಬಿಡುತ್ತಾಳೆ. ಅಂಥವಳ ಮಾತು ಮನೆಯಲ್ಲಿ ಮಾತ್ರ ನಡೆಯಲಿಲ್ಲ. ಗೊತ್ತುಮಾಡಿದ ಗಂಡು ಬೇಡವೆಂದು ಮಗಳು ಮೌನಿಕಾ ಹಿಂದೂಪುರಕ್ಕೆ ಹೋಗಿ ಗಾರ್ಮೆಂಟ್ಸ್ ಸೇರಿದಾಗ, ಗಂಡ ಅಶ್ವತ್ಥಪ್ಪ ಮಾನ ಹೋಯಿತೆಂದು ಕುಣಿದಾಡಿ, ಬದುಕಿದ್ದ ಮಗಳ ತಿಥಿ ಮಾಡಿಬಿಟ್ಟ. ನೆಂಟರೆಲ್ಲ ತಲೆಗೆ ನೀರು ಹಾಕಿಕೊಂಡು, ವಡೆ ತಿಂದು, ಬಾಯಿ ಒರೆಸಿಕೊಂಡು ಹೋದರು. ನೀರು ಹಾಕಿಕೊಳ್ಳದೆ, ಎಲೆಯ ಮುಂದೆ ಕೂರದೆ ಉಳಿದವಳು ಶಿವಲಕ್ಷ್ಮಮ್ಮ ಒಬ್ಬಳೇ. ಆಮೇಲೂ ಮಗಳಿಗೆ ಕದ್ದು ಫೋನ್ ಮಾಡುತ್ತಿದ್ದಳು. ಎರಡು ವರ್ಷದ ಮೇಲೆ, ಸಂಕ್ರಾಂತಿ ಕಳೆದ ಹೊತ್ತಿಗೆ ಆ ಫೋನು ಸ್ವಿಚ್ ಆಫ್ ಆಯಿತು. ನಂಬರ್ ಬದಲಾಗಿರಬೇಕು, ಮಗಳೇ ಮಾಡುತ್ತಾಳೆಂದು ತಾಯಿ ಕಾದಳು.

ಬೇಸಿಗೆಯಲ್ಲಿ ಪರಿಗಿ ಹತ್ತಿರದ ಪಾಳುಬಾವಿಯಲ್ಲಿ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತು. ತಲೆಬುರುಡೆಯ ಹಿಂಭಾಗ ಒಡೆದಿತ್ತು, ಕೊಲೆಯೆಂದು ಡಾಕ್ಟರು ಬರೆದರು. ಕೊಂದವನನ್ನು ಹಿಡಿಯಬೇಕಾದರೆ ಸತ್ತವಳು ಯಾರೆಂದು ಮೊದಲು ಗೊತ್ತಾಗಬೇಕು. ಊರೂರು ತಿರುಗಿದ ಪೊಲೀಸರು ಕುಂದುರ್ಪಿಗೂ ಬಂದು, ಯಾವುದಾದರೂ ಮನೆಯ ಹುಡುಗಿ ಕಾಣೆಯಾಗಿದ್ದಾಳೆಯೇ ಎಂದು ಕೇಳಿದರು. ಶಿವಲಕ್ಷ್ಮಮ್ಮ ಆಗ ಕುರಿಗಳ ಹಿಂದೆ ಹೊಲದಲ್ಲಿದ್ದಳು. ಅಶ್ವತ್ಥಪ್ಪ ಕಟ್ಟೆಯಿಂದ ಏಳದೆ, ತನ್ನ ಮಗಳು ಸತ್ತು ಎರಡು ವರ್ಷವಾಯಿತೆಂದು ಹೇಳಿದ. ಪಕ್ಕದವರೆಲ್ಲ ಹೂಂಗುಟ್ಟಿದರು. ಪಾಪಿಗಳು, ವಡೆ ತಿಂದ ಒಬ್ಬನಾದರೂ ನಿಜ ಬಾಯಿಬಿಡಲಿಲ್ಲ, ಹೊಲದಿಂದ ಬಂದ ಅವಳಿಗೂ ಪೊಲೀಸರ ಸುದ್ದಿ ಹೇಳಲಿಲ್ಲ.

ಕುರಿಗೆ ಔಷಧಿ ತರಲು ಕಲ್ಯಾಣದುರ್ಗಕ್ಕೆ ಹೋದಾಗ ಶಿವಲಕ್ಷ್ಮಮ್ಮ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ಕಂಡಳು. ಬುರುಡೆ ನೋಡಿ ಕಂಪ್ಯೂಟರಿನಲ್ಲಿ ಮಾಡಿದ ಮುಖ, ಯಾರ ಮಗಳದಾದರೂ ಆಗಬಹುದಿತ್ತು. ಕೆಳಗೆ ತೆಲುಗಿನಲ್ಲಿ, ಹಿಂದೂಪುರ ಠಾಣೆಯ ವಿಳಾಸದ ಜೊತೆ, ಎಡಗೈ ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿದೆ ಎಂದು ಬರೆದಿತ್ತು. ಹುಣಸೆಮರದಿಂದ ಬಿದ್ದ ಮೌನಿಕಾಳ ಎಡಗೈಗೆ ನಾಟಿ ಕಟ್ಟು ಕಟ್ಟಿಸಿದವಳು ಅವಳೇ. ಔಷಧಿ ಮರೆತು ಹಿಂದೂಪುರದ ಬಸ್ ಹತ್ತಿದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ತಿರುಮಲೇಶ್, ನಿಮ್ಮ ಯಜಮಾನರು ಮಗಳು ಎಂದೋ ಸತ್ತಳೆಂದು ಹೇಳಿದ್ದಾರಲ್ಲ ಎಂದು ತೆಲುಗಿನಲ್ಲಿ ಗೊಣಗಿದ.

"ಅವ್ನ ಬಾಯಿಗೆ ಮಣ್ಣಾಕ," ಎಂದು ಅವಳು ತೋಳು ಚಾಚಿದಳು. "ನನ್ನ ರಕ್ತ ತಗಳಪ್ಪ. ಅದು ಸುಳ್ಳು ಹೇಳಾಕಿಲ್ಲ."

ಡಿಎನ್‌ಎ ಹೊಂದಿತು. ಹೆಸರು ಸಿಕ್ಕ ಮೇಲೆ ಪೊಲೀಸರು ಮೌನಿಕಾ ದುಡಿಯುತ್ತಿದ್ದ ಕಾರ್ಖಾನೆಗೆ ಹೋದರು, ಸೂಪರ್‌ವೈಸರ್ ಸಿಕ್ಕಿಬಿದ್ದ. ಕೈಹಿಡಿದು ಎಳೆದವನಿಗೆ ಹುಡುಗಿ ಎಲ್ಲರೆದುರು ಚಪ್ಪಲಿಯಲ್ಲಿ ಹೊಡೆದಿದ್ದಳು. ತಾಯಿಗೆ ತಕ್ಕ ಮಗಳೇ. ಆ ಸೇಡಿಗೆ ಕೊಂದಿದ್ದ. ಮನೆಯವರೇ ತಿಥಿ ಮಾಡಿದ ಹುಡುಗಿಯೆಂದು ಕಾರ್ಖಾನೆಯಲ್ಲೆಲ್ಲ ಗೊತ್ತಿತ್ತಂತೆ. ಇವಳನ್ನು ಕೇಳಿಕೊಂಡು ಯಾರು ಬರುತ್ತಾರೆ ಎಂಬ ಧೈರ್ಯ ಅವನಿಗೆ. ಅದನ್ನು ಕೇಳಿದಾಗ ಶಿವಲಕ್ಷ್ಮಮ್ಮನಿಗೆ ಕೊಂದವನಿಗಿಂತ ತನ್ನ ಗಂಡನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಮೂಳೆಗಳ ಗಂಟು ಕೊಡುವ ದಿನ ಅಶ್ವತ್ಥಪ್ಪ ನೆಂಟರನ್ನು ಕಟ್ಟಿಕೊಂಡು ಬಂದ. ಅಳುತ್ತ, ಮಗಳ ಕಾರ್ಯ ತಾನೇ ಮಾಡುತ್ತೇನೆಂದು ಕೈ ಚಾಚಿದ. ಶಿವಲಕ್ಷ್ಮಮ್ಮ ಗಂಟನ್ನು ಎದೆಗೆ ಅವಚಿಕೊಂಡಳು.

"ನಿನ್ನ ಮಗಳ ತಿಥಿ ನೀನು ಆಗ್ಲೇ ಮಾಡ್ಬುಟ್ಟೆ ಕಣಪ್ಪ," ಎಂದಳು. "ಇವ್ಳು ನನ್ನ ಮಗಳು. ನೀನ್ಯಾರೋ ನಂಗೊತ್ತಿಲ್ಲ."

ಹಿಂದೂಪುರದ ಸ್ಮಶಾನದಲ್ಲಿ ಅವಳೇ ಬೆಂಕಿ ಇಟ್ಟಳು. ಆಮೇಲೆ ಅಲ್ಲಿನ ನಲ್ಲಿಯ ಕೆಳಗೆ ಕೂತು, ಆ ತಿಥಿಯ ದಿನ ಹಾಕಿಕೊಳ್ಳದೆ ಉಳಿಸಿದ್ದ ನೀರನ್ನು ತಲೆಗೆ ಹಾಕಿಕೊಂಡಳು.