ಹೆಗಲ ಮೇಲಿನ ಬೆರಳು

ಧಾರವಾಡದ ಕಾಲೇಜಿನಲ್ಲಿ ನಾನು ಫ್ರೆಂಚ್ ತಗೊಂಡದ್ದು ಅಂಕ ಸಲೀಸಾಗಿ ಸಿಗುತ್ತವೆ ಎಂಬ ಆಸೆಗೆ. ಅದೇ ಫ್ರೆಂಚ್ ಮುಂದೆ ಲಂಡನ್ನಿನಲ್ಲಿ ಕೈಹಿಡಿದೀತೆಂದು ಯಾರು ಎಣಿಸಿದ್ದರು? ತೊಂಬತ್ತರ ದಶಕದ ಕೊನೆ. ಮದುವೆಯಾಗಿ ರೇನರ್ಸ್ ಲೇನಿನ ಫ್ಲಾಟಿಗೆ ಬಂದು ಎರಡು ವರ್ಷ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು: ಫ್ರೆಂಚ್ ಆಡುವ ಕೆರಿಬಿಯನ್ ದ್ವೀಪಗಳ ಸಿನಿಮಾ ಉತ್ಸವಕ್ಕೆ ಫ್ರೆಂಚ್ ಬಲ್ಲವರು ಬೇಕು.

ಉತ್ಸವ ನಡೆಸುತ್ತಿದ್ದವರು ಅಂಥದೇ ಒಂದು ದ್ವೀಪವಾದ ಮಾರ್ಟಿನಿಕ್‌ನ ಹಿರಿಯ ಹೆಂಗಸು. ಮಂಡಿನೋವು, ಗಂಟುಮುಖ. ರೀಲಿನಲ್ಲಿ ಇಂಗ್ಲಿಷ್ ಅಡಿಬರಹ ಇರುತ್ತಿರಲಿಲ್ಲ. ಮೊದಲೇ ತರ್ಜುಮೆಯಾಗಿ ಬಂದ ಇಂಗ್ಲಿಷ್ ಸಾಲುಗಳನ್ನು ಕಂಪ್ಯೂಟರಿಗೆ ಹಾಕಿಟ್ಟು, ಪಾತ್ರ ಬಾಯಿ ತೆರೆದ ಕೂಡಲೇ ಗುಂಡಿ ಒತ್ತಿ ತೆರೆಯ ಕೆಳಗೆ ಒಂದೊಂದಾಗಿ ಬಿಡಬೇಕು. ರೀಲು ಅಂದಂದೇ ಬರುತ್ತಿದ್ದರಿಂದ ಮೊದಲೇ ನೋಡಿಕೊಳ್ಳುವ ಮಾತೇ ಇಲ್ಲ.

"ಶನಿವಾರದ ಚಿತ್ರ ನಿನ್ನದು. ಸರಿಹೋದರೆ ಪ್ರತಿ ವರ್ಷ ನೀನೇ. ಕ್ರಿಯೋಲ್ ಬರುತ್ತದಲ್ಲ?" ಎಂದರು.

ಕ್ರಿಯೋಲ್ ಎಂದರೆ ದ್ವೀಪದವರ ಮನೆಮಾತು. ಒಂದಕ್ಷರ ಬಾರದಿದ್ದರೂ ಬರುತ್ತದೆ ಎಂದೆ. ಫ್ರೆಂಚ್ ಬಂದ ಮೇಲೆ ಅದೇನು ಮಹಾ ಎಂಬ ಭಂಡಧೈರ್ಯ.

ಮನೆಯಲ್ಲಿ ಹೇಳಿದಾಗ ಗಂಡ ನಕ್ಕರು. "ನಮ್ಮವ್ವ ಮಾತಾಡಿದ್ರ ಬೆಂಗಳೂರಿನವ್ರಿಗೇ ತಿಳಿಯಂಗಿಲ್ಲ. ಇದೂ ಹಂಗ ಆಗ್ತದ ನೋಡು." ಊಟದವರೆಗೂ ಅವರೊಡನೆ ಮಾತು ಬಿಟ್ಟಿದ್ದೆ.

ಶನಿವಾರ ಮೊದಲ ಅರ್ಧ ಗಂಟೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಆಮೇಲೆ ಚಿತ್ರದ ಅಜ್ಜಿ ಹೊಸ್ತಿಲ ಮೇಲೆ ಕೂತು ಬಾಯಿ ತೆರೆದಳು. ಎಲ್ಲ ಕ್ರಿಯೋಲ್! ಯಾವ ಮಾತಿಗೆ ಯಾವ ಸಾಲು ಎಂದೇ ತಿಳಿಯದೆ ಅಂದಾಜಿನ ಮೇಲೆ ಗುಂಡಿ ಒತ್ತಿದೆ. ಅಜ್ಜಿ ಬಿಕ್ಕಿ ಅಳುತ್ತಿದ್ದರೆ ಕೆಳಗೆ "ಕೋಳಿಗೆ ಕಾಳು ಹಾಕಿದೆಯಾ?" ಎಂದು ಮೂಡಿತು. ಜನ ಕಿಸಕ್ಕನೆ ನಕ್ಕರು. ಎರಡನೇ ಸಾಲಿನಲ್ಲಿ ನಿರ್ದೇಶಕರೇ ಕೂತಿದ್ದರು. ಕೆಲಸವೂ ಹೋಯಿತು, ಮಾನವೂ ಹೋಯಿತು ಅಂದುಕೊಂಡೆ.

ಆಗ ನನ್ನ ಹೆಗಲ ಮೇಲೆ ಬೆರಳೊಂದು ತಟ್ಟಿತು. ಆ ಹೆಂಗಸು ಹಿಂದೆ ಬಂದು ನಿಂತಿದ್ದರು. ಕೈಚಾಚಿ ಸರಿಯಾದ ಸಾಲು ತೋರಿಸಿದರು. ಅಲ್ಲಿಂದಾಚೆ ಅವರು ತಟ್ಟಿದಾಗಲೆಲ್ಲ ನಾನು ಒತ್ತಿದೆ. ಚಿತ್ರ ಮುಗಿಯುವವರೆಗೂ ಅವರು ಕೂರಲಿಲ್ಲ.

ದೀಪ ಹತ್ತಿದಾಗ ಚೀಲ ಎತ್ತಿಕೊಂಡೆ.

"ಸುಳ್ಳು ಹೇಳಿದ್ದೆಯಲ್ಲ?"

"ಹೌದು."

"ಪ್ಯಾರಿಸ್ಸಿನಲ್ಲಿ ಓದುವಾಗ ಜನ ನಗುತ್ತಾರೆಂದು ನಾನೂ ಸುಳ್ಳು ಹೇಳಿದ್ದೆ, ಕ್ರಿಯೋಲ್ ಬರುವುದೇ ಇಲ್ಲ ಅಂತ. ಭಾನುವಾರ ಮನೆಗೆ ಬಾ."

ಒಂದು ವರ್ಷ ಪ್ರತಿ ಭಾನುವಾರ ಟ್ಯೂಬ್ ರೈಲು ಹತ್ತಿ ಹೋದೆ. ಬೈದೂ ಬೈದೂ ಕಲಿಸಿದರು. ಕರಿದ ಬಾಳೆಹಣ್ಣಿಗೆ ನನ್ನ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಕ್ರಿಯೋಲ್ ಬಲ್ಲವರು ಸಿಗದೆ ಅಷ್ಟು ವರ್ಷವೂ ಯಾರದಾದರೂ ಹೆಗಲ ಹಿಂದೆ ನಿಂತೇ ಉತ್ಸವ ಕಳೆದಿದ್ದರೆಂದು ಆಗ ತಿಳಿಯಿತು. ಗುರು ಎಂದರೆ ನನಗೆ ಇವತ್ತಿಗೂ ನೆನಪಾಗುವುದು ಅವರೇ.

ಮರುವರ್ಷದ ಚಿತ್ರದಲ್ಲಿ ಮುಕ್ಕಾಲು ಪಾಲು ಕ್ರಿಯೋಲ್. ಮೊದಲ ಮಾತಿಗೆ ಬೆರಳು ತಟ್ಟಿತು. ಎರಡನೆಯದಕ್ಕೆ ತಟ್ಟುವ ಮೊದಲೇ ಒತ್ತಿದೆ. ಮೂರನೆಯದಕ್ಕೂ ಹಾಗೇ. ಆಮೇಲೆ ಹೆಗಲು ಹಗುರಾಯಿತು. ತಿರುಗಿದರೆ ಹಿಂದೆ ಯಾರೂ ಇಲ್ಲ. ಆ ಕತ್ತಲಲ್ಲಿ, ಕುರ್ಚಿಗಳ ಬೆನ್ನು ಹಿಡಿದುಕೊಳ್ಳುತ್ತ, ಅವರು ನಿಧಾನವಾಗಿ ಮುಂದಿನ ಸಾಲಿಗೆ ಹೋಗಿ ಕೂತರು.