ಫಾತಿಮಾಬಿಯ ಕಾಲು, ಮಾಲಕರ ಎಮ್ಮೆ

ಗೆಳೆಯರೇ, ನಮ್ಮ ಮಗ್ಗದ ಶೆಡ್ಡಿನ ಮಾಲಕರು ಕೊಟ್ಟಿದ್ದ ಮಾತು ಇದು: ಬೆಟಗೇರಿಯಲ್ಲಿ ಸೀರೆ ನೇಯುವ ನಮ್ಮ ಫಾತಿಮಾಬಿಗೆ ತಂಪುಹೊತ್ತಿನಲ್ಲಷ್ಟೇ ಕೆಲಸ, ಅದೂ ಮಗ್ಗ ತುಳಿಯುವುದಲ್ಲ, ಕುಳಿತು ನೂಲು ಸುತ್ತುವುದು. ಇವತ್ತು ಎರಡೂ ಇಲ್ಲವೆಂದು ಮಗ್ಗಕ್ಕೇ ಕೂರಿಸಿದರು.

ಆಕೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲಿನ ಹೊದಿಕೆ ಹಾಳಾಗುವ ರೋಗ. ಮೈ ಕಾದರೆ ಕಾಲು ಸೋಲುತ್ತವೆ ಅಂತ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಇವತ್ತು ಮಧ್ಯಾಹ್ನ ತಗಡಿನ ಶೆಡ್ಡು ಕಾದಾಗ ಕಾಲು ಇಳಿಬಿಟ್ಟು ತುಳಿಯುವ ಮಗ್ಗದ ಕುಣಿಯಿಂದ ಆಕೆಗೆ ಏಳಲಾಗಲಿಲ್ಲ. ಪಕ್ಕದ ಮಗ್ಗದ ನಾವಿಬ್ಬರು ಎತ್ತಿದೆವು.

ಮಾಲಕರು ನಕ್ಕರು: "ಮುಂಜಾನೆ ನೆಟ್ಟಗ ನಡಕೋತ ಬಂದಿ. ಊಟದ ಹೊತ್ತಿಗೆ ಕಾಲು ಹೋದುವೇನು? ಎಂಥಾ ಸೋಗಬೇ ನಿಂದು!"

ಫಾತಿಮಾಬಿ ಬೆವರು ಒರೆಸಿಕೊಂಡಳು. "ಯಜಮಾನ್ರ, ಬಿಸಲೇರಿದ್ರ ನಿಮ್ಮ ಎಮ್ಮಿನ್ನ ನೆಳ್ಳಿಗೆ ಕಟ್ಟಿಸಿ ಮೈಮ್ಯಾಲೆ ನೀರು ಹಾಕಸ್ತೀರಿ. ಅದಕ್ಕ ಎಂದಾರ ಸೋಗು ಅಂದೀರೇನ್ರಿ?"

ಮಗ್ಗಗಳೆಲ್ಲ ನಿಂತವು.

"ಎಮ್ಮಿ ಹಾಲು ಕೊಡತೈತಿ," ಅಂದರು ಮಾಲಕರು.

ಅವರ ಮನೆಯವರು ಇವತ್ತು ಉಟ್ಟಿರುವ ಸೀರೆ ಯಾರು ನೇಯ್ದದ್ದು ಅಂತ ನಾನು ಕೇಳಿದೆ. ಮಾಲಕರು ಮನೆಯ ಕಡೆ ನಡೆದರು.

ಇದನ್ನು ಚಹಾದಂಗಡಿ ಗೋಡೆಗೆ ಅಂಟಿಸುತ್ತಿದ್ದೇನೆ, ಮಾಲಕರೂ ಓದಲಿ. ಕೊಟ್ಟ ಮಾತು ಉಳಿಸಿಕೊಳ್ಳಿ ಅಂತ ಕೇಳಲು ನಾವು ನೇಕಾರರು ಸೇರುವ ಸಭೆ ಎಂದಿನಂತೆ ಮಧ್ಯಾಹ್ನ ಅಲ್ಲ. ಫಾತಿಮಾಬಿ ತನ್ನ ಕಾಲ ಮೇಲೆ ನಡೆದು ಬರಬಲ್ಲ ಹೊತ್ತಿಗೆ: ಸೋಮವಾರ, ಮುಂಜಾನೆ ಆರು ಗಂಟೆ, ಶೆಡ್ಡಿನ ಬಾಗಿಲಲ್ಲಿ.